ಹೊರದೇಶದ ಹೂಡಿಕೆ ನಿಮ್ಮ ಕಂಪನಿಗೆ ಬರುವ ಮುಂಚೆ: ಹಂತ ಹಂತವಾಗಿ ಮಾಡಬೇಕಾದ ಕೆಲಸಗಳು

ಹಾಸನದಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಮಾರುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಅಮೆರಿಕದ ಡಲ್ಲಾಸ್‌ನಲ್ಲಿರುವ ಮಾಲೀಕರ ಚಿಕ್ಕಪ್ಪನ ಮಗ 50 ಲಕ್ಷ ರೂಪಾಯಿ ಹಾಕಿ ಪಾಲುದಾರ ಆಗುತ್ತೇನೆ ಅನ್ನುತ್ತಾನೆ. ಮನೆಯವರ ದುಡ್ಡು, ನಂಬಿಕೆ ಇದೆ, ಇನ್ನೇನು ಬೇಕು ಅಂತ ಮರುದಿನವೇ ಹಣ ತರಿಸಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಕಾನೂನಿನ ಕಣ್ಣಲ್ಲಿ ಅದು ಮನೆಯವರ ದುಡ್ಡಲ್ಲ, ವಿದೇಶಿ ಹೂಡಿಕೆ. ಷೇರುಪೇಟೆಯ ಪಟ್ಟಿಯಲ್ಲಿಲ್ಲದ ಕಂಪನಿಯ ಷೇರಿಗೆ ಹೊರಗಿನಿಂದ, ವಾಪಸ್ ಒಯ್ಯುವ ಹಕ್ಕಿನೊಂದಿಗೆ, ಒಂದು ಲಕ್ಷ ಬಂದರೂ ಅದು ಎಫ್‌ಡಿಐ (ವಿದೇಶಿ ನೇರ ಹೂಡಿಕೆ). ನೂರು ಕೋಟಿ ತರುವ ಕಂಪನಿಗೆ ಯಾವ ಫಾರ್ಮ್, ಯಾವ ಗಡುವು ಇದೆಯೋ ನಿಮಗೂ ಅದೇ.

ಇದು ಹೀಗೇಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1973ರ ಫೆರಾ (ವಿದೇಶಿ ವಿನಿಮಯ ನಿಯಂತ್ರಣ) ಕಾಯ್ದೆಯಲ್ಲಿ ಹೆಚ್ಚಿನ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕಿತ್ತು. ಒಪ್ಪದ ಕೋಕಾ-ಕೋಲಾ 1977ರಲ್ಲಿ, ಐಬಿಎಂ 1978ರಲ್ಲಿ ದೇಶ ಬಿಟ್ಟವು. ಆಗ ಎಲ್ಲಕ್ಕೂ ಅನುಮತಿ ಬೇಕಿತ್ತು, ನಿಯಮ ಮುರಿದರೆ ಕ್ರಿಮಿನಲ್ ಕೇಸ್. 1991ರ ನಂತರ ಬಾಗಿಲು ತೆರೆಯಿತು. 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಬಂತು. ಈಗ ಬಹುತೇಕ ವ್ಯವಹಾರಕ್ಕೆ ಮೊದಲೇ ಅನುಮತಿ ಬೇಡ, ಹಣ ಬಂದ ಮೇಲೆ ಸರಿಯಾಗಿ ವರದಿ ಮಾಡಿದರೆ ಸಾಕು. ಆ ವರದಿಯೇ ಇವತ್ತಿನ ನಿಯಂತ್ರಣ. ಆದ್ದರಿಂದ ಫಾರ್ಮ್ ತುಂಬುವುದನ್ನು ಗುಮಾಸ್ತರ ಕೆಲಸ ಅಂತ ಬದಿಗಿಡಬೇಡಿ. ಗಡಿಯಾರ ಓಡಲು ಶುರುವಾಗುವುದು ಹಣ ಖಾತೆಗೆ ಬಿದ್ದ ದಿನ. ಅರ್ಧಕ್ಕಿಂತ ಜಾಸ್ತಿ ಕೆಲಸ ಅದಕ್ಕೂ ಮುಂಚೆಯೇ ಮುಗಿದಿರಬೇಕು.

ಹಂತ 1: ಹಣ ಹಾಕುವವರು ಯಾರು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ

ಮೊದಲ ಪ್ರಶ್ನೆ, ಅವರು ಫೆಮಾ ಪ್ರಕಾರ ಹೊರದೇಶದ ನಿವಾಸಿಯೇ? ಆದಾಯ ತೆರಿಗೆಯ ದಿನಗಳ ಲೆಕ್ಕವನ್ನು ಇಲ್ಲಿ ತರಬೇಡಿ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಫೆಮಾ ಪ್ರಕಾರ ಹೋದಾಗಿನಿಂದಲೇ ಅನಿವಾಸಿ. ಜೂನ್‌ನಲ್ಲಿ ದುಬೈಗೆ ಕೆಲಸಕ್ಕೆ ಹೋದ ತಮ್ಮ ಜುಲೈನಲ್ಲಿ ಹಣ ಹಾಕಿದರೆ ಅದು ಅನಿವಾಸಿಯ ಹಣ. ಇನ್ನೂ ಊರಿನ ಹಳೆಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡು ಅದರಿಂದ ಕಳಿಸಿದರೆ ಆ ಖಾತೆಯೇ ತಪ್ಪು. ಅದನ್ನು ಎನ್‌ಆರ್‌ಒ (ಅನಿವಾಸಿಗಳ ಸಾಮಾನ್ಯ ರೂಪಾಯಿ) ಖಾತೆಯಾಗಿ ಬದಲಿಸಿಕೊಂಡಿರಬೇಕಿತ್ತು.

ಎರಡನೆಯದು, ಅವರು ಯಾವ ದೇಶದವರು? 2020ರ ಏಪ್ರಿಲ್‌ನಲ್ಲಿ ಬಂದ ಪ್ರೆಸ್ ನೋಟ್ 3ರಿಂದಾಗಿ, ಭಾರತದ ಜೊತೆ ಭೂಗಡಿ ಹಂಚಿಕೊಂಡ ದೇಶಗಳಿಂದ ಬರುವ ಹೂಡಿಕೆ ಸರ್ಕಾರದ ಅನುಮತಿಯ ದಾರಿಗೆ ಹೋಯಿತು. ಚೀನಾ ಮಾತ್ರ ಅಲ್ಲ, ನೇಪಾಳ, ಭೂತಾನ್, ಬಾಂಗ್ಲಾದೇಶ, ಮ್ಯಾನ್ಮಾರ್, ಪಾಕಿಸ್ತಾನ, ಅಫ್ಘಾನಿಸ್ತಾನ ಕೂಡ. ಹಣ ಹಾಕುವುದು ಒಂದು ಹೂಡಿಕೆ ಫಂಡ್ ಆಗಿದ್ದು, ಅದು ಸಿಂಗಪುರದ್ದಾದರೂ ಅದರ ಹಿಂದಿನ ನಿಜವಾದ ಮಾಲೀಕರು ಯಾರು ಅಂತ ನೋಡಲೇಬೇಕು. ಫಂಡ್‌ನಿಂದ ಈ ಬಗ್ಗೆ ಬರಹದಲ್ಲಿ ಘೋಷಣೆ ಕೇಳಿ ತೆಗೆದುಕೊಳ್ಳಿ. ಕೇಳಲು ಸಂಕೋಚ ಬೇಡ. ಅವರಿಗೆ ಈ ಪ್ರಶ್ನೆ ಹೊಸದಲ್ಲ. ಈ ನಿಯಮ ಬದಲಾಗುತ್ತಾ ಇರುತ್ತದೆ, ಹಾಗಾಗಿ ಸಹಿ ಹಾಕುವ ಹೊತ್ತಿಗೆ ಜಾರಿಯಲ್ಲಿರುವುದನ್ನೇ ನೋಡಿ.

ಹಂತ 2: ನಿಮ್ಮ ವ್ಯಾಪಾರಕ್ಕೆ ವಿದೇಶಿ ಹಣ ಬರಬಹುದೇ?

ಎಲ್ಲ ಕ್ಷೇತ್ರವೂ ಒಂದೇ ಅಲ್ಲ. ಕೆಲವಕ್ಕೆ ಅನುಮತಿಯೇ ಬೇಡ. ಇದಕ್ಕೆ ಆಟೊಮ್ಯಾಟಿಕ್ ರೂಟ್ ಅನ್ನುತ್ತಾರೆ. ಕೆಲವಕ್ಕೆ ಸರ್ಕಾರದ ಅನುಮತಿ ಬೇಕು, ಕೆಲವಕ್ಕೆ ಬಾಗಿಲು ಪೂರ್ತಿ ಮುಚ್ಚಿದೆ. ಲಾಟರಿ, ಜೂಜು, ಚಿಟ್ ಫಂಡ್, ನಿಧಿ ಕಂಪನಿ (ಸದಸ್ಯರಿಂದಲೇ ಠೇವಣಿ ಪಡೆದು ಅವರಿಗೇ ಸಾಲ ಕೊಡುವ ಕಂಪನಿ), ಸಿಗರೇಟ್ ತಯಾರಿಕೆ, ಜಮೀನು ಕೊಂಡು ಮಾರುವ ವ್ಯವಹಾರ ಇವೆಲ್ಲ ಮುಚ್ಚಿದ ಪಟ್ಟಿಯಲ್ಲಿವೆ. (ಚಿಟ್ ಫಂಡ್‌ಗೆ ಅನಿವಾಸಿ ಭಾರತೀಯರು ವಾಪಸ್ ಒಯ್ಯದ ಷರತ್ತಿನ ಮೇಲೆ ಹಣ ಕಟ್ಟಬಹುದು, ಅದು ಬೇರೆ ದಾರಿ.)

ನಮ್ಮ ಕಡೆಯವರು ಎಡವುವುದು ಕೃಷಿಯಲ್ಲಿ. ತೋಟದ ಬೆಳೆಗಳಲ್ಲಿ ಕಾಫಿ, ಚಹಾ, ರಬ್ಬರ್, ಏಲಕ್ಕಿ, ತಾಳೆ ಎಣ್ಣೆ ಮರ, ಆಲಿವ್ ಮರ ಇಷ್ಟಕ್ಕೆ ಶೇ 100 ವಿದೇಶಿ ಹೂಡಿಕೆಗೆ ಅವಕಾಶ ಇದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಅಂದರೆ ಚಿಕ್ಕಮಗಳೂರಿನ ಕಾಫಿ ತೋಟದ ಕಂಪನಿ ಹೊರಗಿನ ಬಂಡವಾಳ ತೆಗೆದುಕೊಳ್ಳಬಹುದು, ಪಕ್ಕದ ಅಡಿಕೆ ತೋಟದ ಕಂಪನಿ ತೆಗೆದುಕೊಳ್ಳುವಂತಿಲ್ಲ. ಹೂವು, ಹಣ್ಣು, ಜೇನು, ಮೀನು ಸಾಕಣೆ, ಪಶುಸಂಗೋಪನೆ, ನಿಯಂತ್ರಿತ ವಾತಾವರಣದ ತರಕಾರಿ ಮತ್ತು ಅಣಬೆ ಬೆಳೆಗೆ ಅವಕಾಶ ಇದೆ. ಉಳಿದ ಸಾಮಾನ್ಯ ಬೇಸಾಯಕ್ಕೆ ಇಲ್ಲ. ಇನ್ನೊಂದು ಮಾತು, ಕಂಪನಿಯ ಷೇರು ಕೊಳ್ಳುವುದು ಬೇರೆ, ಜಮೀನು ಕೊಳ್ಳುವುದು ಬೇರೆ. ಅನಿವಾಸಿಗಳು ತಮ್ಮ ಹೆಸರಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸಲು ಫೆಮಾ ಬಿಡುವುದಿಲ್ಲ.

ಮಾರಾಟದಲ್ಲೂ ಸೂಕ್ಷ್ಮ ಇದೆ. ನಮ್ಮ ಹಾಸನದ ಕಂಪನಿ ತಾನೇ ತಯಾರಿಸಿದ ಕಾಫಿಪುಡಿಯನ್ನು ಅಂಗಡಿ ತೆರೆದು ಮಾರಲಿ, ಆನ್‌ಲೈನ್‌ನಲ್ಲಿ ಮಾರಲಿ, ಅನುಮತಿ ಬೇಡ. ತಯಾರಕರಿಗೆ ಆ ಸ್ವಾತಂತ್ರ್ಯ ಇದೆ. ಅದೇ ಅಂಗಡಿಯಲ್ಲಿ ಬೇರೆಯವರ ಬಿಸ್ಕತ್ತು, ಜೇನುತುಪ್ಪ, ಸೋಪು ಇಟ್ಟು ಮಾರಲು ಶುರು ಮಾಡಿದರೆ ಲೆಕ್ಕವೇ ಬದಲಾಗುತ್ತದೆ. ಹಲವು ಬ್ರ್ಯಾಂಡ್‌ಗಳ ಚಿಲ್ಲರೆ ಮಾರಾಟಕ್ಕೆ ಮಿತಿ ಶೇ 51, ಅದೂ ಸರ್ಕಾರದ ಅನುಮತಿಯೊಂದಿಗೆ, ಕಠಿಣ ಷರತ್ತುಗಳೊಂದಿಗೆ. ಆನ್‌ಲೈನ್‌ನಲ್ಲಿ ಬೇರೆಯವರ ಸರಕನ್ನು ತಾವೇ ಕೊಂಡಿಟ್ಟುಕೊಂಡು ಗ್ರಾಹಕರಿಗೆ ಮಾರುವುದಕ್ಕೆ ಸಾಮಾನ್ಯವಾಗಿ ಎಫ್‌ಡಿಐಗೆ ಅವಕಾಶ ಇಲ್ಲ. ಆದ್ದರಿಂದ ಇವತ್ತಿನ ವ್ಯಾಪಾರ ಮಾತ್ರ ನೋಡಬೇಡಿ. ಮುಂದಿನ ಎರಡು ವರ್ಷದಲ್ಲಿ ಏನು ಮಾಡುವ ಯೋಚನೆ ಇದೆ ಅನ್ನುವುದನ್ನೂ ನಿಮ್ಮ ಕಂಪನಿ ಸೆಕ್ರೆಟರಿಗೆ (ಸಿಎಸ್) ಹೇಳಿ.

ಅನುಮತಿ ಬೇಕಾದ ಕ್ಷೇತ್ರವಾದರೆ ಅರ್ಜಿ ಆನ್‌ಲೈನ್‌ನಲ್ಲೇ. ಹಿಂದೆ ಇದಕ್ಕೆಂದೇ ಇದ್ದ ಎಫ್‌ಐಪಿಬಿ ಮಂಡಳಿಯನ್ನು 2017ರಲ್ಲಿ ರದ್ದು ಮಾಡಲಾಯಿತು, ಈಗ ಆಯಾ ಸಚಿವಾಲಯವೇ ತೀರ್ಮಾನಿಸುತ್ತದೆ.

ನಿಮ್ಮದು ಕಂಪನಿಯೇ ಅಲ್ಲ, ಪಾಲುದಾರಿಕೆ ಸಂಸ್ಥೆ ಅಥವಾ ಒಬ್ಬರದೇ ವ್ಯಾಪಾರ ಅಂತಾದರೆ, ಎನ್‌ಆರ್‌ಐ (ಅನಿವಾಸಿ ಭಾರತೀಯರು) ಮತ್ತು ಓಸಿಐ ಕಾರ್ಡ್ (ಹೊರದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರು ಮಾತ್ರ, ಅದೂ ವಾಪಸ್ ಒಯ್ಯದ ಷರತ್ತಿನ ಮೇಲೆ ಹಣ ಹಾಕಬಹುದು. ಬೇರೆಯವರಿಂದ ಬೇಕಾದರೆ ಮೊದಲು ಕಂಪನಿ ಮಾಡಿಕೊಳ್ಳಿ.

ಹಂತ 3: ವಾಪಸ್ ಒಯ್ಯುವ ಹಣವೋ, ಅಲ್ಲವೋ?

ಎನ್‌ಆರ್‌ಐ ಬಂಧು ಹಣ ಹಾಕುವಾಗ ಇಡೀ ವ್ಯವಹಾರದಲ್ಲಿ ದೊಡ್ಡ ತೀರ್ಮಾನ ಇದೇ. ಬಹಳ ಜನ ಇದರ ಬಗ್ಗೆ ಮಾತೇ ಆಡುವುದಿಲ್ಲ.

ಎನ್‌ಆರ್‌ಐ ಅಥವಾ ಓಸಿಐ ಆಗಿರುವವರಿಗೆ ಎರಡು ದಾರಿ ಇವೆ. ಮೊದಲನೆಯದರಲ್ಲಿ, ನಾಳೆ ಷೇರು ಮಾರಿದ ಹಣವನ್ನು ಪೂರ್ತಿಯಾಗಿ ಹೊರದೇಶಕ್ಕೆ ಒಯ್ಯುವ ಹಕ್ಕು ಇರುತ್ತದೆ. ಆಗ ಅದು ಎಫ್‌ಡಿಐ, ಈ ಲೇಖನದ ಎಲ್ಲ ಹಂತವೂ ಅನ್ವಯ. ಎರಡನೆಯದರಲ್ಲಿ ಆ ಹಕ್ಕು ಬಿಟ್ಟುಕೊಟ್ಟು ಹೂಡುತ್ತಾರೆ. ಕಾನೂನು ಅದನ್ನು ದೇಶದೊಳಗಿನ ಹೂಡಿಕೆ ಎಂದೇ ಪರಿಗಣಿಸುತ್ತದೆ. ಕ್ಷೇತ್ರದ ಮಿತಿ ಇಲ್ಲ, ಫೆಮಾದ ಬೆಲೆ ನಿಯಮ ಇಲ್ಲ, ಆರ್‌ಬಿಐಗೆ ಎಫ್‌ಸಿ-ಜಿಪಿಆರ್ (ವಿದೇಶಿ ಹೂಡಿಕೆಗೆ ಷೇರು ಕೊಟ್ಟದ್ದನ್ನು ತಿಳಿಸುವ ಫಾರ್ಮ್) ವರದಿ ಇಲ್ಲ. ನಿಧಿ ಕಂಪನಿ, ಕೃಷಿ ಮತ್ತು ತೋಟ, ಜಮೀನು ವ್ಯವಹಾರ, ಫಾರ್ಮ್‌ಹೌಸ್ ಕಟ್ಟುವುದು ಮುಂತಾದವಕ್ಕೆ ಮಾತ್ರ ಈ ದಾರಿಯಲ್ಲೂ ಅವಕಾಶ ಇಲ್ಲ.

ವಾಪಸ್ ಒಯ್ಯಲಾಗದು ಅಂದ ತಕ್ಷಣ ಹಣ ಸಿಕ್ಕಿಹಾಕಿಕೊಂಡಿತು ಅಂತ ಹೆದರಬೇಕಿಲ್ಲ. ಷೇರು ಮಾರಿದ ಹಣ ಎನ್‌ಆರ್‌ಒ ಖಾತೆಗೆ ಬರುತ್ತದೆ. ತೆರಿಗೆ ಕಟ್ಟಿದ ಮೇಲೆ ಎನ್‌ಆರ್‌ಒ ಖಾತೆಯಿಂದ ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಡಿವಿಡೆಂಡ್‌ನಂಥ ಆದಾಯವನ್ನೂ ಕಳಿಸಬಹುದು. ಹಾಗಾಗಿ 50 ಲಕ್ಷ ರೂಪಾಯಿಯಂಥ ಕುಟುಂಬದ ಹೂಡಿಕೆಗೆ ಈ ಎರಡನೆಯ ದಾರಿ ಬಹಳ ಸಲ ಸಾಕಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮುಂದೆ ದೊಡ್ಡ ಮೊತ್ತಕ್ಕೆ ಮಾರಿ ಹೊರಡುವ ಉದ್ದೇಶ ಇದ್ದರೆ ಮೊದಲನೆಯದೇ ಸರಿ. ಯಾವುದನ್ನೇ ಆರಿಸಿ, ಹಣ ಬರುವ ಮುಂಚೆ ಬರಹದಲ್ಲಿ ಇಡಿ. ಎಫ್‌ಸಿ-ಜಿಪಿಆರ್ ಕೊಡುವುದು ಮರೆತುಹೋದಾಗ, ಅದು ವಾಪಸ್ ಒಯ್ಯದ ಹೂಡಿಕೆ ಅಂತ ಆಮೇಲೆ ಹೇಳಿ ತಪ್ಪಿಸಿಕೊಳ್ಳಲು ಹೋಗಬೇಡಿ. ಬ್ಯಾಂಕಿನ ಕಾಗದಗಳು ಬೇರೆ ಕತೆ ಹೇಳುತ್ತವೆ.

ಡಲ್ಲಾಸ್‌ನ ಬಂಧು ಅಮೆರಿಕದ ಪೌರತ್ವ ಪಡೆದು ಓಸಿಐ ಕಾರ್ಡ್ ಮಾಡಿಸಿಲ್ಲದಿದ್ದರೆ ಎರಡನೆಯ ದಾರಿ ಅವರಿಗಿಲ್ಲ. ಇದನ್ನೂ ಮೊದಲೇ ಕೇಳಿಕೊಳ್ಳಿ.

ಹಂತ 4: ಏನು ಕೊಡುತ್ತೀರಿ, ಯಾವ ಬೆಲೆಗೆ ಕೊಡುತ್ತೀರಿ

ಎಫ್‌ಡಿಐ ಅಂತ ಕೊಡಬಹುದಾದದ್ದು ಮುಖ್ಯವಾಗಿ ಈಕ್ವಿಟಿ ಷೇರು, ಅಥವಾ ಪೂರ್ತಿಯಾಗಿ ಕಡ್ಡಾಯವಾಗಿ ಈಕ್ವಿಟಿಗೆ ಬದಲಾಗುವ ಪ್ರಿಫರೆನ್ಸ್ ಷೇರು ಮತ್ತು ಡಿಬೆಂಚರ್. ಬೇಕಿದ್ದರೆ ಬದಲಾಯಿಸಿಕೊಳ್ಳಬಹುದು ಅನ್ನುವಂಥದ್ದು ಸಾಲದ ಲೆಕ್ಕಕ್ಕೆ ಹೋಗುತ್ತದೆ, ಅದಕ್ಕೆ ಬೇರೆಯೇ ನಿಯಮ. ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ) ಮಾನ್ಯತೆ ಇರುವ ಸ್ಟಾರ್ಟಪ್ ಆಗಿದ್ದರೆ ಕನ್ವರ್ಟಿಬಲ್ ನೋಟ್ (ಮೊದಲು ಸಾಲದಂತೆ ಹಣ ಪಡೆದು ಮುಂದೆ ಷೇರಾಗಿ ಬದಲಿಸಬಹುದಾದ ಪತ್ರ) ಕೊಡಬಹುದು, ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ರೂಪಾಯಿ ಬರಬೇಕು.

ಬೆಲೆಯ ವಿಷಯದಲ್ಲಿ ಕಾನೂನು ಬಂಧುತ್ವ ನೋಡುವುದಿಲ್ಲ. ಹೊರಗಿನವರಿಗೆ ಹೊಸ ಷೇರು ಕೊಡುವಾಗ ನ್ಯಾಯಬೆಲೆಗಿಂತ ಕಡಿಮೆ ಇರಬಾರದು. ನಿಮ್ಮ ಷೇರಿನ ಬೆಲೆ 100 ರೂಪಾಯಿ ಅಂತ ಲೆಕ್ಕ ಬಂದರೆ ತಮ್ಮನಿಗೆ 10 ರೂಪಾಯಿಗೆ ಕೊಡುವಂತಿಲ್ಲ. ಹೊರಗಿನವರು ಇಲ್ಲಿನವರಿಗೆ ಮಾರುವಾಗ ಇದರ ಉಲ್ಟಾ, ನ್ಯಾಯಬೆಲೆಗಿಂತ ಜಾಸ್ತಿ ಇರಬಾರದು. ದೇಶದ ಆಸ್ತಿ ಅಗ್ಗಕ್ಕೆ ಹೊರಹೋಗಬಾರದು, ಷೇರಿನ ನೆಪದಲ್ಲಿ ಡಾಲರ್ ಸೋರಿಹೋಗಬಾರದು ಅನ್ನುವುದು ಇದರ ಹಿಂದಿನ ಕಾಳಜಿ. ನನಗೆ ಇದು ಸರಿಯಾದ ನಿಯಮವೆಂದೇ ಅನ್ನಿಸುತ್ತದೆ. ವಿದೇಶಿ ವಿನಿಮಯ ಯಾವತ್ತೂ ಸಲೀಸಾಗಿ ಸಿಕ್ಕ ದೇಶವಲ್ಲ ನಮ್ಮದು.

ವ್ಯಾಲ್ಯುಯೇಷನ್ ವರದಿಯನ್ನು ಫೆಮಾಕ್ಕೆ ಸಿಎ, ಸೆಬಿ ನೋಂದಾಯಿತ ಮರ್ಚಂಟ್ ಬ್ಯಾಂಕರ್ ಅಥವಾ ಕಾಸ್ಟ್ ಅಕೌಂಟೆಂಟ್ ಕೊಡಬಹುದು. ಕಂಪನಿ ಕಾಯ್ದೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಎರಡೂ ಅರ್ಹತೆ ಇರುವ ಒಬ್ಬರೇ ಸಿಕ್ಕರೆ ಖರ್ಚು, ಸಮಯ ಎರಡೂ ಉಳಿಯುತ್ತವೆ. ಹೊಸ ಕಂಪನಿಯ ಮೆಮೊರಾಂಡಂಗೆ (ಸ್ಥಾಪನೆಯ ದಾಖಲೆಗೆ) ಸಹಿ ಹಾಕಿಯೇ ಷೇರುದಾರ ಆಗುವವರಿಗೆ ಮುಖಬೆಲೆಗೇ ಕೊಡಬಹುದು, ವ್ಯಾಲ್ಯುಯೇಷನ್ ಬೇಡ. ಆದರೆ ಅವರಿಗೂ ಎಫ್‌ಸಿ-ಜಿಪಿಆರ್ ವರದಿ ಬೇಕು. ಇದನ್ನು ಮರೆಯುವ ಕಂಪನಿಗಳು ಬಹಳ.

ಒಪ್ಪಂದದಲ್ಲಿ ಇಷ್ಟು ವರ್ಷಕ್ಕೆ ಇಷ್ಟು ಲಾಭ ಖಂಡಿತ ಕೊಡುತ್ತೇವೆ ಅಂತ ಬರೆಯಬೇಡಿ. ಖಚಿತ ಲಾಭದ ಭರವಸೆ ಕೊಟ್ಟು ಷೇರು ಕೊಡುವುದನ್ನು ಫೆಮಾ ಒಪ್ಪುವುದಿಲ್ಲ.

ಸಮಾಧಾನದ ಸಂಗತಿ ಒಂದಿದೆ. ಷೇರಿನ ಮೇಲೆ ನ್ಯಾಯಬೆಲೆಗಿಂತ ಹೆಚ್ಚು ಪಡೆದರೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ 2024ರ ಬಜೆಟ್‌ನಲ್ಲಿ ರದ್ದಾಗಿದೆ.

ಹಂತ 5: ಹಣ ಬರುವ ಮುಂಚಿನ ಕಂಪನಿ ಕೆಲಸ

ಅಧಿಕೃತ ಬಂಡವಾಳ (ಕಂಪನಿ ಕೊಡಬಹುದಾದ ಷೇರುಗಳ ಗರಿಷ್ಠ ಮೊತ್ತ) ಸಾಕಷ್ಟಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ಹೆಚ್ಚಿಸಿಕೊಳ್ಳಿ. ಆಮೇಲೆ ಬೋರ್ಡ್ ಸಭೆ, ಷೇರುದಾರರ ವಿಶೇಷ ನಿರ್ಣಯ, ಅದನ್ನು ಕಂಪನಿ ರಿಜಿಸ್ಟ್ರಾರ್‌ಗೆ ಎಂಜಿಟಿ-14 ಫಾರ್ಮ್‌ನಲ್ಲಿ ಸಲ್ಲಿಸುವುದು. ಅದು ಸಲ್ಲಿಕೆಯಾದ ಮೇಲೆಯೇ ಹೂಡಿಕೆದಾರರಿಗೆ ಪಿಎಎಸ್-4 ಎಂಬ ಷೇರು ಕೊಡುಗೆಯ ಪತ್ರ ಕಳಿಸಬೇಕು. ಹಣ ಪಡೆಯಲು ಬ್ಯಾಂಕಿನಲ್ಲಿ ಬೇರೆಯೇ ಖಾತೆ ತೆರೆಯಬೇಕು. ದಿನದ ವ್ಯವಹಾರದ ಕರೆಂಟ್ ಖಾತೆಗೆ ತರಿಸಬೇಡಿ.

ನಿಮ್ಮದು ಕಾಯ್ದೆ ಹೇಳುವ ಸಣ್ಣ ಕಂಪನಿ ಅಲ್ಲದಿದ್ದರೆ ಷೇರುಗಳು ಡಿಮ್ಯಾಟ್ ರೂಪದಲ್ಲೇ ಇರಬೇಕು. ಹೊರದೇಶದಲ್ಲಿರುವವರಿಗೆ ಪ್ಯಾನ್, ಡಿಮ್ಯಾಟ್ ಖಾತೆ ಮಾಡಿಸಲು ವಾರಗಟ್ಟಲೆ ಹಿಡಿಯಬಹುದು. ಹಣ ಬಂದ ಮೇಲೆ ಇದನ್ನು ಶುರು ಮಾಡಿದರೆ ಗಡುವು ತಪ್ಪುವುದು ಖಚಿತ.

ಆರ್‌ಬಿಐನ ಫರ್ಮ್ಸ್ ಪೋರ್ಟಲ್‌ನಲ್ಲಿ ಕಂಪನಿಯ ವಿವರ ತುಂಬುವ ಎಂಟಿಟಿ ಮಾಸ್ಟರ್ ಮತ್ತು ಫಾರ್ಮ್ ಸಲ್ಲಿಸುವ ಬಿಸಿನೆಸ್ ಯೂಸರ್, ಎರಡೂ ನೋಂದಣಿಯನ್ನು ಈಗಲೇ ಮುಗಿಸಿ.

ಹಂತ 6: ಹಣ ಬಂದ ದಿನ

ಹಣ ಹೂಡಿಕೆದಾರರ ಹೊರದೇಶದ ಖಾತೆಯಿಂದ ಬ್ಯಾಂಕಿನ ಮೂಲಕ ಬರಬೇಕು, ಇಲ್ಲವೇ ಅವರ ಎನ್‌ಆರ್‌ಇ ಅಥವಾ ಎಫ್‌ಸಿಎನ್‌ಆರ್ ಖಾತೆಯಿಂದ (ಅನಿವಾಸಿಗಳು ಹೊರದೇಶದ ಗಳಿಕೆ ಇಡುವ ಇಲ್ಲಿನ ಬ್ಯಾಂಕ್ ಖಾತೆಗಳು). ತಾಯಿಯ ಖಾತೆಗೆ ಮನೆಖರ್ಚು ಅಂತ ಕಳಿಸಿ, ಅಲ್ಲಿಂದ ಕಂಪನಿಗೆ ಹಾಕಿಸಿ, ಷೇರು ಮಾತ್ರ ಮಗನ ಹೆಸರಿಗೆ ಬರೆಯುವುದು ತಪ್ಪು. ಹೀಗೆ ಬಂದ ಹಣಕ್ಕೆ ಆಮೇಲೆ ಕಾಗದ ಹೊಂದಿಸುವುದು ಬಹಳ ಕಷ್ಟ.

ಹಣದ ಉದ್ದೇಶ ಷೇರು ಹೂಡಿಕೆ ಅಂತಲೇ ಬ್ಯಾಂಕಿನಲ್ಲಿ ದಾಖಲಾಗಬೇಕು. ಸಾಫ್ಟ್‌ವೇರ್ ಸೇವೆಯ ಹಣ ಅಂತ ಕೋಡ್ ಬಿದ್ದರೆ ತಕ್ಷಣ ಬ್ಯಾಂಕಿಗೆ ಬರೆದು ತಿದ್ದಿಸಿ. ಅದೇ ದಿನ ಎಫ್‌ಐಆರ್‌ಸಿ (ಹೊರದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪ್ರಮಾಣಪತ್ರ) ಮತ್ತು ಕೆವೈಸಿ (ಹಣ ಕಳಿಸಿದವರ ಗುರುತಿನ) ವರದಿಗೆ ಅರ್ಜಿ ಕೊಡಿ. ಕೆವೈಸಿ ವರದಿ ಕಳಿಸಿದವರ ಬ್ಯಾಂಕಿನಿಂದ ಬರಬೇಕಾಗುವುದರಿಂದ ತಡವಾಗುವುದು ಸಾಮಾನ್ಯ.

ಆಮೇಲೆ ಲೆಕ್ಕ ಹೀಗೆ. ಹಣ ಜೂನ್ 1ಕ್ಕೆ ಬಂತು ಅನ್ನಿ. 60 ದಿನದೊಳಗೆ, ಅಂದರೆ ಜುಲೈ 31ರೊಳಗೆ ಷೇರು ಹಂಚಿಕೆ ಆಗಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ಹಣ ವಾಪಸ್ ಕೊಡಬೇಕು. ಜೂನ್ 20ಕ್ಕೆ ಬೋರ್ಡ್ ಹಂಚಿಕೆ ಮಾಡಿತು ಅಂದರೆ, ಹಂಚಿಕೆಯ ವಿವರ ಕೊಡುವ ಪಿಎಎಸ್-3 ಫಾರ್ಮನ್ನು 15 ದಿನದಲ್ಲಿ, ಜುಲೈ 5ರೊಳಗೆ ಸಲ್ಲಿಸಬೇಕು. ಹಂಚಿಕೆ ಆಗಿ ಪಿಎಎಸ್-3 ಸಲ್ಲಿಕೆಯಾಗುವವರೆಗೆ ಆ ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಸಂಬಳ ಕೊಡಬೇಕು, ಯಂತ್ರಕ್ಕೆ ಅಡ್ವಾನ್ಸ್ ಕೊಡಬೇಕು ಅಂತ ತೆಗೆದುಬಿಡುತ್ತಾರೆ. ಹಾಗೆ ಮಾಡಬೇಡಿ, ಕಂಪನಿ ಕಾಯ್ದೆಯಲ್ಲಿ ಇದಕ್ಕೆ ದಂಡ ದೊಡ್ಡದು. ಷೇರಿನ ಮೇಲಿನ ಮುದ್ರಾಂಕ ಶುಲ್ಕ ಶೇ 0.005, 50 ಲಕ್ಷಕ್ಕೆ 250 ರೂಪಾಯಿ ಅಷ್ಟೇ. ಮೊತ್ತ ಚಿಕ್ಕದು ಅಂತ ಮರೆಯಬಾರದು.

ಹಂತ 7: ಎಫ್‌ಸಿ-ಜಿಪಿಆರ್

ಹಂಚಿಕೆಯಾದ 30 ದಿನದೊಳಗೆ, ನಮ್ಮ ಉದಾಹರಣೆಯಲ್ಲಿ ಜುಲೈ 20ರೊಳಗೆ, ಫರ್ಮ್ಸ್ ಪೋರ್ಟಲ್‌ನಲ್ಲಿ ಎಫ್‌ಸಿ-ಜಿಪಿಆರ್ ಸಲ್ಲಿಸಬೇಕು. ಜೊತೆಗೆ ಎಫ್‌ಐಆರ್‌ಸಿ, ಕೆವೈಸಿ, ಸಿಎಸ್ ಪ್ರಮಾಣಪತ್ರ, ವ್ಯಾಲ್ಯುಯೇಷನ್ ವರದಿ, ಹಂಚಿಕೆಯ ಬೋರ್ಡ್ ನಿರ್ಣಯ, ಕಂಪನಿಯ ಘೋಷಣೆ. ನಿಮ್ಮ ಬ್ಯಾಂಕ್ ಇವನ್ನು ಪರಿಶೀಲಿಸುತ್ತದೆ.

ತಿರಸ್ಕಾರ ಆಗುವುದು ಹೆಚ್ಚಾಗಿ ಚಿಕ್ಕ ಕಾರಣಕ್ಕೆ. ಎಫ್‌ಐಆರ್‌ಸಿಯಲ್ಲಿನ ಹೆಸರು ಒಂದು, ಷೇರುದಾರರ ಹೆಸರು ಇನ್ನೊಂದು. ನಮ್ಮವರ ಹೆಸರಿನಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಶಿಯಲ್ ಎಲ್ಲ ಹಿಂದೆಮುಂದೆ ಆಗುವುದರಿಂದ ಇದು ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ಇನ್ನೊಂದು, ಬ್ಯಾಂಕ್ ಶುಲ್ಕ ಕಡಿತವಾಗಿ ಬಂದ ಮೊತ್ತಕ್ಕೂ ಷೇರಿನ ಮೊತ್ತಕ್ಕೂ ತಾಳೆಯಾಗದೆ ಇರುವುದು. ಶುಲ್ಕ ಕಳೆದ ಮೇಲೂ ಪೂರ್ತಿ ಮೊತ್ತ ಬೀಳುವಂತೆ ಸ್ವಲ್ಪ ಹೆಚ್ಚಿಗೆ ಕಳಿಸಲು ಹೂಡಿಕೆದಾರರಿಗೆ ಹೇಳಿ, ಉಳಿದದ್ದನ್ನು ವಾಪಸ್ ಮಾಡಿ.

ನಿಮ್ಮದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಎಫ್‌ಸಿ-ಜಿಪಿಆರ್ ಬದಲು ಎಲ್‌ಎಲ್‌ಪಿ (ಒಂದು) ಎಂಬ ಫಾರ್ಮ್, ಕನ್ವರ್ಟಿಬಲ್ ನೋಟ್‌ಗೆ ಸಿಎನ್ ಫಾರ್ಮ್. ಎರಡಕ್ಕೂ ಗಡುವು 30 ದಿನವೇ. ಈಗಿರುವ ಷೇರು ಇಲ್ಲಿನವರಿಂದ ಅಲ್ಲಿನವರಿಗೆ ಅಥವಾ ಅಲ್ಲಿನವರಿಂದ ಇಲ್ಲಿಗೆ ಕೈ ಬದಲಾದರೆ ಎಫ್‌ಸಿ-ಟಿಆರ್‌ಎಸ್, ಅದಕ್ಕೆ 60 ದಿನ.

ಹಂತ 8: ಪ್ರತಿ ವರ್ಷ ಜುಲೈ 15

ಎಫ್‌ಸಿ-ಜಿಪಿಆರ್ ಆದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಮಾರ್ಚ್ 31ಕ್ಕೆ ಕಂಪನಿಯಲ್ಲಿ ವಿದೇಶಿ ಹೂಡಿಕೆ ಇದ್ದರೆ, ಆ ವರ್ಷ ಹೊಸದಾಗಿ ಒಂದು ರೂಪಾಯಿ ಬರದಿದ್ದರೂ, ಜುಲೈ 15ರೊಳಗೆ ಎಫ್‌ಎಲ್‌ಎ (ವಿದೇಶಿ ಹೊಣೆ ಮತ್ತು ಆಸ್ತಿಯ) ರಿಟರ್ನ್ ಅನ್ನು ಆರ್‌ಬಿಐಗೆ ಕೊಡಬೇಕು. ಆಡಿಟ್ ಮುಗಿದಿಲ್ಲ ಅನ್ನುವುದು ಕಾರಣವಾಗುವುದಿಲ್ಲ. ಆಡಿಟ್ ಆಗದ ಲೆಕ್ಕದಲ್ಲೇ ಸಲ್ಲಿಸಿ, ಆಮೇಲೆ ಪರಿಷ್ಕರಿಸಬಹುದು. ಇದಕ್ಕೆ ಫ್ಲೇರ್ ಅನ್ನುವ ಬೇರೆ ಪೋರ್ಟಲ್ ಇದೆ. ದೇಶದ ವಿದೇಶಿ ಆಸ್ತಿ ಮತ್ತು ಹೊಣೆಯ ಲೆಕ್ಕ ಕಟ್ಟುವುದಕ್ಕೆ ಆರ್‌ಬಿಐ ಈ ಅಂಕಿಗಳನ್ನೇ ಬಳಸುತ್ತದೆ. ವಾಪಸ್ ಒಯ್ಯದ ಷರತ್ತಿನ ಹಣ ಮಾತ್ರ ಇರುವ ಕಂಪನಿ ಇದನ್ನು ಕೊಡಬೇಕಿಲ್ಲ.

ಗಡುವು ಈಗಾಗಲೇ ತಪ್ಪಿದ್ದರೆ

ಸುಮ್ನೆ ಕೂರಬೇಡಿ. ವರದಿ ತಡವಾದದ್ದು ಮಾತ್ರ ತಪ್ಪಾಗಿದ್ದರೆ, ಗಡುವಿನಿಂದ ಮೂರು ವರ್ಷದೊಳಗೆ ತಡ ಶುಲ್ಕ ಕಟ್ಟಿ ಸರಿಪಡಿಸಬಹುದು. ಲೆಕ್ಕ ಸರಳ, 7,500 ರೂಪಾಯಿ, ಜೊತೆಗೆ ಮೊತ್ತದ ಶೇ 0.025 ಅನ್ನು ತಡವಾದ ವರ್ಷಗಳಿಂದ ಗುಣಿಸಿದ್ದು. 50 ಲಕ್ಷಕ್ಕೆ ಆರು ತಿಂಗಳು ತಡವಾದರೆ 7,500 ಮತ್ತು 625, ಒಟ್ಟು 8,125 ರೂಪಾಯಿ. ಶುಲ್ಕದ ಸೂಚನೆ ಬಂದ 30 ದಿನದಲ್ಲಿ ಕಟ್ಟಬೇಕು. ಇಷ್ಟು ಚಿಕ್ಕ ಮೊತ್ತಕ್ಕೆ ಹೆದರಿ ವರ್ಷಗಟ್ಟಲೆ ಮುಚ್ಚಿಡುವವರನ್ನು ನೋಡಿದರೆ ಬೇಸರವಾಗುತ್ತದೆ. ಮುಂದೆ ದೊಡ್ಡ ಹೂಡಿಕೆದಾರರು ಬಂದಾಗ ಅವರ ವಕೀಲರು ಮೊದಲು ಕೇಳುವುದೇ ಹಳೆಯ ಎಫ್‌ಸಿ-ಜಿಪಿಆರ್‌ಗಳನ್ನು. ಅವು ಇಲ್ಲದೆ ವ್ಯವಹಾರ ಅಲ್ಲೇ ನಿಲ್ಲುತ್ತದೆ.

ಷೇರು ತಡವಾಗಿ ಕೊಟ್ಟದ್ದು, ಕಡಿಮೆ ಬೆಲೆಗೆ ಕೊಟ್ಟದ್ದು, ಅವಕಾಶವಿಲ್ಲದ ಕ್ಷೇತ್ರಕ್ಕೆ ಹಣ ಪಡೆದದ್ದು, ಇವು ತಡ ಶುಲ್ಕಕ್ಕೆ ಸರಿಹೋಗುವುದಿಲ್ಲ. ಫೆಮಾದ 13ನೇ ಸೆಕ್ಷನ್‌ನಲ್ಲಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಅಲ್ಲಿಯವರೆಗೆ ಹೋಗದಿರಲು ಕಾಂಪೌಂಡಿಂಗ್ ಅನ್ನುವ ದಾರಿ ಇದೆ. ನೀವೇ ಮುಂದೆ ಬಂದು ತಪ್ಪು ಒಪ್ಪಿ ಆರ್‌ಬಿಐಗೆ ಅರ್ಜಿ ಹಾಕುವುದು. ಅರ್ಜಿ ಶುಲ್ಕ 10,000 ರೂಪಾಯಿ ಮತ್ತು ಜಿಎಸ್‌ಟಿ. ಅರ್ಜಿ ಹಾಕುವ ಮುಂಚೆ ಬಾಕಿ ಇರುವ ಫಾರ್ಮ್‌ಗಳನ್ನು ಸಲ್ಲಿಸಿ, ವಾಪಸ್ ಕೊಡಬೇಕಾದ ಹಣ ಇದ್ದರೆ ಕೊಟ್ಟುಬಿಡಿ. ಅವು ಬಾಕಿ ಇರುವಾಗ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಕರ್ನಾಟಕದ ಕಂಪನಿಗಳು ವಿಚಾರಿಸಬೇಕಾದದ್ದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಆರ್‌ಬಿಐ ಪ್ರಾದೇಶಿಕ ಕಚೇರಿಯಲ್ಲಿ. ಹೋಗುವಾಗ ಎಫ್‌ಐಆರ್‌ಸಿ, ಬೋರ್ಡ್ ನಿರ್ಣಯ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಒಂದೇ ಫೈಲ್‌ನಲ್ಲಿ ಒಯ್ಯಿರಿ.